ಸಭೆಯ ಕಾಣಿಕೆಯೂ ನಮ್ಮ ಹೆಣ್ಣುಮಕ್ಕಳೂ

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಹಣದ ಮಾತನ್ನೆತ್ತುವುದು ಕೆಲವರಿಗೆ ರುಚಿಸಲಿಕ್ಕಿಲ್ಲ. ಹಳೆಯ ಬೋಧಕಿಯರ ನೆನಪು, ಆಟಪಾಟಗಳ ವರದಿ, ಪರೀಕ್ಷೆಯ ಫಲಿತಾಂಶ, ಇವೇ ಇಲ್ಲಿ ಇರತಕ್ಕವುಗಳೆಂದು ವಾಚಕರು ಎಣಿಸುವುದು ಸಹಜವೇ. ಆದರೆ ಇಲ್ಲಿ ಕಲಿತುಹೋದ ಹೆಣ್ಣುಮಕ್ಕಳು ಇಂದು ಮನೆಗಳ ಯಜಮಾನಿತಿಯರಾಗಿದ್ದಾರೆ. ಅವರಲ್ಲಿ ಅನೇಕರು ತಾವೇ ಸಂಬಳ ತರುತ್ತಾರೆ. ತಿಂಗಳ ಮೊದಲಲ್ಲಿ ಅಕ್ಕಿಗಿಷ್ಟು, ಹಾಲಿಗಿಷ್ಟು, ಮಕ್ಕಳ ಫೀಸಿಗಿಷ್ಟು ಎಂದು ಎಣಿಸಿಡುವ ಕೈ ಅವರದೇ. ಆ ಎಣಿಕೆಯಲ್ಲಿ ಸಭೆಗಿಷ್ಟು ಎಂಬುದು ಏತಕ್ಕಾಗಿ ಬರಬೇಕು ಎಂಬುದನ್ನು ಅವರೊಡನೆಯೇ ವಿಚಾರಿಸುವುದು ಯುಕ್ತವೆಂದು ನಮಗೆ ತೋರಿತು. ಅನ್ಯಮತಸ್ಥರಾದ ತಾಯ್ತಂದೆಗಳು ಇದನ್ನು ಕ್ರೈಸ್ತರ ಮನೆಯ ಮಾತೆಂದು ಬಿಟ್ಟುಬಿಡಬೇಕಾಗಿಲ್ಲ. ಗುಡಿಯ ಉತ್ಸವಕ್ಕಾಗಲಿ ಮಸೀದಿಯ ಖರ್ಚಿಗಾಗಲಿ ವಂತಿಗೆ ಎತ್ತುವಾಗ ಇವೇ ಪ್ರಶ್ನೆಗಳು ಏಳುವುದನ್ನು ಅವರೂ ಬಲ್ಲರು.

ಸಭೆಗೆ ಕೊಡುವವರು ಹಲವು ಕಾರಣಗಳಿಂದ ಕೊಡುತ್ತಾರೆ. ಮಗುವಿನ ಜ್ವರ ಬಿಟ್ಟಿತು, ಮಗನಿಗೆ ಉದ್ಯೋಗ ದೊರೆಯಿತು ಎಂದು ಸ್ತೋತ್ರದ ಕಾಣಿಕೆ ತರುವವರಿದ್ದಾರೆ. ತಂದೆ ಕೊಡುತ್ತಿದ್ದರು, ಆದುದರಿಂದ ನಾವೂ ಕೊಡುತ್ತೇವೆ ಎನ್ನುವವರಿದ್ದಾರೆ. ಕಾಣಿಕೆಯ ಚೀಲವು ಬಂದಾಗ ಪಕ್ಕದವರ ಕಣ್ಣಿಗಂಜಿ ಕೈಯಾಡಿಸುವವರೂ ಇಲ್ಲದಿಲ್ಲ. ಇವರಲ್ಲಿ ಯಾರನ್ನೂ ನಾವು ಹಳಿಯೆವು. ಅಂಜಿಕೆಯಿಂದ ಬಿದ್ದ ನಾಣ್ಯವೂ ದೀಪಕ್ಕೆ ಎಣ್ಣೆಯಾಗುತ್ತದೆ. ನಮಗೆ ಸಂಕಟವನ್ನುಂಟುಮಾಡುವುದು ಬೇರೊಂದು ರೀತಿಯ ಕೊಡುಗೆ. ವರ್ಷಗಟ್ಟಲೆ ವಂತಿಗೆಯ ಮಾತನ್ನೇ ಆಡದವರು ಮಗಳ ಮದುವೆಯ ಪ್ರಕಟಣೆ ಓದಿಸುವ ಕಾಲ ಬಂದಾಗ ಖಜಾಂಚಿಯ ಬಳಿಗೆ ಓಡಿಬಂದು ಬಾಕಿಯನ್ನೆಲ್ಲಾ ಒಮ್ಮೆಗೇ ಸಲ್ಲಿಸಿ ರಶೀದಿ ಕೇಳುತ್ತಾರೆ. ಇದು ಕಾಣಿಕೆಯಲ್ಲ, ಕೂಲಿ. ಮದುವೆಗೂ ಸಮಾಧಿಗೂ ಬೇಕಾದ ಸೇವೆಯನ್ನು ಅಂಗಡಿಯಿಂದ ಸಾಮಾನು ತರುವಂತೆ ಕೊಂಡುಕೊಂಡದ್ದಾಯಿತು. ಅಂಥವರು ತಮ್ಮ ದೇವಾಲಯದಲ್ಲಿ ತಾವೇ ಗಿರಾಕಿಗಳಾಗಿ ನಿಲ್ಲುತ್ತಾರೆ. ಮನೆಯವನು ಮನೆಗೆ ಕೊಡುವುದಕ್ಕೂ ಗಿರಾಕಿಯು ಅಂಗಡಿಗೆ ಕೊಡುವುದಕ್ಕೂ ಇರುವ ಅಂತರವೇ ನಮ್ಮ ಈ ಲೇಖನದ ವಿಷಯವು.

ಈ ಅಭ್ಯಾಸವು ನಮ್ಮಲ್ಲಿ ಹೇಗೆ ಬೆಳೆಯಿತೆಂಬುದಕ್ಕೆ ಚರಿತ್ರೆಯಲ್ಲಿ ಕಾರಣವುಂಟು. 1834ನೆಯ ಇಸವಿ ಅಕ್ಟೋಬರ್ 30ರಂದು ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನಿನಿಂದ ಕಳುಹಿಸಲ್ಪಟ್ಟು ಮಂಗಳೂರಲ್ಲಿ ಇಳಿದರು. ಅಂದಿನಿಂದ ಬಹುಕಾಲ ದೇವಾಲಯ ಕಟ್ಟಿಸಿದವರು ಮಿಶನಿನವರು, ಶಾಲೆ ತೆರೆದವರು ಅವರು, ಉಪದೇಶಿಗೆ ಸಂಬಳ ಕೊಟ್ಟವರೂ ಅವರೇ. ಕುಲವನ್ನೂ ಕಸುಬನ್ನೂ ಕಳೆದುಕೊಂಡು ಬಂದ ಸಭಾಸದರಿಗೆ ನೆಯ್ಗೆಯ ಮಗ್ಗ, 1865ರಿಂದ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆ, ಹೀಗೆ ಅನ್ನದ ದಾರಿಯನ್ನೂ ಅವರು ತೋರಿಸಿದರು. ಇಷ್ಟು ಉಪಕಾರದ ನೆರಳಿನಲ್ಲಿ ಬೆಳೆದ ಸಭೆಗೆ ಮಿಶನಿನ ಹಣವೆಂದರೆ ಬತ್ತದ ಬಾವಿ ಎಂಬ ಭಾವನೆ ಹುಟ್ಟಿದ್ದು ಆಶ್ಚರ್ಯವಲ್ಲ. ನಮ್ಮ ಅಜ್ಜಂದಿರ ಕಾಲದ ಆ ಭಾವನೆಯು ಮೊಮ್ಮಕ್ಕಳಲ್ಲಿಯೂ ಪೂರಾ ಅಳಿದಿಲ್ಲ.

ಆದರೆ ಆ ಬಾವಿಗೆ ನೀರು ಎಲ್ಲಿಂದ ಬರುತ್ತಿತ್ತು? ದೊರೆಗಳ ಬೊಕ್ಕಸದಿಂದಲ್ಲ. 1855ರಲ್ಲಿ ಬಾಸೆಲ್ ಪಟ್ಟಣದ ಕಾರ್ಲ್ ಸರಾಸಿನ್ ಎಂಬ ಗೃಹಸ್ಥರು ಅರ್ಧ ಬಾಟ್ಸೆನ್ ವಂತಿಗೆ ಎಂಬುದನ್ನು ಪ್ರಾರಂಭಿಸಿದರು. ಅರ್ಧ ಬಾಟ್ಸೆನ್ ಎಂದರೆ ಐದು ರಾಪೆನ್, ಒಂದು ಫ್ರಾಂಕಿನಲ್ಲಿ ಇಪ್ಪತ್ತನೆಯ ಒಂದು ಪಾಲು. ಕೊಡಲೊಪ್ಪಿದವರಿಂದ ವಾರಕ್ಕೆ ಅಷ್ಟನ್ನು ಮಾತ್ರ ಮನೆಮನೆಗೂ ಹೋಗಿ ಎತ್ತುತ್ತಿದ್ದರು. ಬಡವನು ಕೂಡ ಕೊಡಬಲ್ಲಷ್ಟು, ಆದರೆ ವಾರ ತಪ್ಪದೆ ಕೊಡತಕ್ಕಷ್ಟು. ಈ ಚಿಲ್ಲರೆ ಕಾಸುಗಳು ಕೂಡಿ ಕಡಲು ದಾಟಿ ಬಂದು ನಮ್ಮವರಿಗೆ ಪಾಠ ಹೇಳಿದವು, ಮದ್ದು ಕೊಟ್ಟವು. ಮಿಶನಿನ ದುಡ್ಡೆಂದು ನಾವು ಯಾವುದನ್ನು ಸಿರಿವಂತರ ದಾನವೆಂದು ತಿಳಿದಿದ್ದೆವೋ ಅದರಲ್ಲಿ ಬಹಳಷ್ಟು ಬಡವರ ವಾರದ ಉಳಿತಾಯವಾಗಿತ್ತು. ಅವರಿಗೆ ಅದರಿಂದ ಮದುವೆಯ ಪ್ರಕಟಣೆಯೂ ಇಲ್ಲ, ಸಮಾಧಿಯ ಸ್ಥಳವೂ ಇಲ್ಲ. ತಾವು ಕಾಣದ ಊರಿನ, ಉಚ್ಚರಿಸಲಾರದ ಹೆಸರಿನ ಮಕ್ಕಳಿಗಾಗಿ ಕೊಟ್ಟರು.

1914ರಲ್ಲಿ ಮಹಾಯುದ್ಧ ಬಂದಿತು. ಜರ್ಮನ್ ಮಿಶನರಿಗಳು ಸೆರೆಶಿಬಿರ ಸೇರಿ, ಬಳಿಕ ಸ್ವದೇಶಕ್ಕೆ ಕಳುಹಿಸಲ್ಪಟ್ಟರು. ಮಿಶನಿನ ಕಾರ್ಖಾನೆಗಳು 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಸಭೆಯು ತನ್ನ ಕಾಲ ಮೇಲೆ ನಿಲ್ಲಬೇಕೆಂಬ ಮಾತು ಅಲ್ಲಿಯ ತನಕ ಪ್ರಸಂಗಪೀಠದ ಬುದ್ಧಿವಾದವಾಗಿತ್ತು. ಆಮೇಲೆ ಹೊಟ್ಟೆಯ ಪ್ರಶ್ನೆಯಾಯಿತು. 1947ರ ಸಪ್ಟಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆಯು ಸ್ಥಾಪಿತವಾಯಿತು. ಕಾಲಕ್ರಮದಲ್ಲಿ ಕನ್ನಡ ನಾಡಿನ ಬಾಸೆಲ್ ಮಿಶನ್ ಸಭೆಗಳು ಅದರಲ್ಲಿ ಒಂದಾದವು. ಈಗಲಂತೂ ಪರದೇಶದ ಹಣವು 2010ರ ವಿದೇಶೀ ವಂತಿಗೆ ಕಾನೂನಿನ ಕಟ್ಟಳೆಗಳಿಗೆ ಒಳಪಟ್ಟೇ ಬರಬೇಕು. ಸಭಾಪಾಲಕರ ಸಂಬಳ, ದೇವಾಲಯ ಕಾಯುವವನ ಕೂಲಿ, ಮಳೆಗಾಲಕ್ಕೆ ಮುಂಚೆ ಹಂಚು ಹೊದಿಸುವ ಖರ್ಚು, ಸಮಾಧಿಭೂಮಿಯ ಗೋಡೆ, ದೀನರ ನಿಧಿ, ಇವೆಲ್ಲವೂ ಇಂದು ಸಭಾಸದರ ಕೈಯಿಂದಲೇ ನಡೆಯಬೇಕು. ಹಾಗೆ ನಡೆಯುವುದೇ ಸರಿ.

ಬಾಸೆಲ್ ಮಿಶನರಿಗಳಲ್ಲಿ ಅನೇಕರು ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯವರು. ಅಲ್ಲಿ ಇಂದಿಗೂ ಸರಕಾರದವರು ಸಭಾಸದನ ಆದಾಯ ತೆರಿಗೆಯ ಮೇಲೆ ನೂರಕ್ಕೆ 8ರಂತೆ ಸಭೆಯ ತೆರಿಗೆಯನ್ನು ಎತ್ತಿ ಸಭೆಗೆ ಒಪ್ಪಿಸುತ್ತಾರೆ. ಬೇಡವೆಂದರೆ ಸಭೆಯನ್ನೇ ಬಿಡಬೇಕು. ನಮ್ಮಲ್ಲಿ ಹಾಗಿಲ್ಲ. ನಮ್ಮಲ್ಲಿಯೂ ಹಾಗಿದ್ದರೆ ಎಷ್ಟು ಸುಲಭ ಎಂದು ನಿಟ್ಟುಸಿರು ಬಿಟ್ಟ ಖಜಾಂಚಿಗಳನ್ನು ನಾವು ಬಲ್ಲೆವು. ಆದರೂ ಅದನ್ನು ಬಯಸಲಾರೆವು. ತೆರಿಗೆಯಿಂದ ಗೋಡೆ ನಿಲ್ಲಬಹುದು; ಇದು ನನ್ನದು ಎಂದು ತಾನಾಗಿ ಎತ್ತಿಕೊಡುವ ಮನಸ್ಸು ಅದರಿಂದ ಬೆಳೆಯದು.

ಈ ವಿಷಯದಲ್ಲಿ ಹೆಂಗಸರಿಗೆ ಹೇಳುವುದಕ್ಕಿಂತ ಹೆಂಗಸರಿಂದ ಕಲಿಯುವುದೇ ಹೆಚ್ಚು. ಯೇಸುಸ್ವಾಮಿಯು ಊರೂರು ತಿರುಗುತ್ತಿದ್ದಾಗ ಆತನಿಗೂ ಶಿಷ್ಯರಿಗೂ ಖರ್ಚು ನಡೆಸಿದವರು ಯಾರು? ಮಗ್ದಲದ ಮರಿಯಳು, ಹೆರೋದನ ಮನೆವಾರ್ತೆ ನೋಡುತ್ತಿದ್ದ ಕೂಜನ ಹೆಂಡತಿಯಾದ ಯೋಹಾನಳು, ಸುಸನ್ನಳು, ಇನ್ನೂ ಹಲವರು, ತಮ್ಮ ಸ್ವಂತ ಆಸ್ತಿಯಿಂದ ನಡೆಸಿದರೆಂದು ಲೂಕನು ಬರೆದಿದ್ದಾನೆ. ಫಿಲಿಪ್ಪಿಯಲ್ಲಿ ಪೌಲನಿಗೆ ಮನೆ ತೆರೆದವಳು ಬೆಲೆಯುಳ್ಳ ಬಟ್ಟೆಗಳ ವ್ಯಾಪಾರ ಮಾಡುತ್ತಿದ್ದ ಲುದ್ಯಳು. ಮುಂದೆ ಆ ಫಿಲಿಪ್ಪಿಯ ಸಭೆಯೇ ಅವನ ಕೊರತೆಗೆ ಮತ್ತೆ ಮತ್ತೆ ಒದಗಿತು. ನಮ್ಮ ಪ್ರಸಂಗಗಳಲ್ಲಿ ಎರಡು ಕಾಸಿನ ವಿಧವೆಯು ಎಷ್ಟೋ ಸಲ ಬರುತ್ತಾಳೆ. ಯೋಹಾನಳೂ ಲುದ್ಯಳೂ ಅಷ್ಟಾಗಿ ಬರುವುದಿಲ್ಲ. ಹೆಂಗಸಿನ ಕೈಯಲ್ಲಿ ಎರಡು ಕಾಸಿಗಿಂತ ಹೆಚ್ಚು ಇರಬಹುದೆಂಬುದು ಪ್ರಸಂಗಿಗಳಿಗೆ ಇನ್ನೂ ತೋಚದಿರುವಂತಿದೆ!

ಭಿಕ್ಷೆಗೆಂದು ಮುಷ್ಟಿ ಧಾನ್ಯ ತೆಗೆದಿಡುವುದು ನಮ್ಮ ನಾಡಿನ ತಾಯಂದಿರಿಗೆ ಹೊಸತಲ್ಲ. ಇದೇ ಮುಷ್ಟಿಯಿಂದ ಒಂದು ದೊಡ್ಡ ಸಭೆಯು ಹೇಗೆ ಬಲಗೊಂಡಿತೆಂಬುದನ್ನು ನೋಡಬೇಕಾದರೆ ಈಶಾನ್ಯದ ಮಿಜೋರಾಮಿನ ಕಡೆಗೆ ತಿರುಗಬೇಕು. ಅಲ್ಲಿನ ಪ್ರೆಸ್ಬಿಟೀರಿಯನ್ ಸಭೆಯ ಹೆಂಗಸರು 1910ರಿಂದ ಅಡಿಗೆಗೆ ಅಕ್ಕಿ ಅಳೆಯುವಾಗಲೆಲ್ಲಾ ಒಂದು ಹಿಡಿಯನ್ನು ಬೇರೆ ಪಾತ್ರೆಗೆ ಹಾಕುತ್ತಾ ಬಂದಿದ್ದಾರೆ. ಅದನ್ನು ಕೂಡಿಸಿ ಮಾರುತ್ತಾರೆ. ಬಡ ಗುಡ್ಡಗಾಡಿನಲ್ಲಿ ಹುಟ್ಟಿದ ಈ ಪದ್ಧತಿಯಿಂದ ಇಂದು ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿ ಬರುತ್ತದೆ; ಆ ಸಭೆಯು ತನ್ನ ಸೇವಕರನ್ನು ಬೇರೆ ಪ್ರಾಂತ್ಯಗಳಿಗೂ ಕಳುಹಿಸುತ್ತದೆ. ಮನೆಯಲ್ಲಿ ಊಟವಿರುವ ತನಕ ಕೊಡಲು ನಮ್ಮಲ್ಲಿಯೂ ಏನೋ ಇದೆ ಎಂಬುದು ಅವರ ಎಣಿಕೆ.

ಇಷ್ಟು ಹೇಳಿದ ಮೇಲೆ ಕೊಡದವರ ಆಕ್ಷೇಪಣೆಯನ್ನೂ ಕೇಳತಕ್ಕದ್ದು. ದೇವರಿಗೆ ಹಣವೇಕೆ ಎಂಬುದಕ್ಕೆ ಉತ್ತರ ಹೇಳುವ ಅಗತ್ಯವಿಲ್ಲ. ಸಭಾಪಾಲಕರ ಮಕ್ಕಳಿಗೆ ಹಸಿವಾಗುತ್ತದೆ. ಆದರೆ ಕೊಟ್ಟ ಹಣ ಎಲ್ಲಿಗೆ ಹೋಗುತ್ತದೆಂದು ಕೇಳುವವರ ಬಾಯನ್ನು ಮುಚ್ಚಿಸುವುದು ನ್ಯಾಯವಲ್ಲ. ವಿಧವೆಯ ಎರಡು ಕಾಸನ್ನು ಮೆಚ್ಚಿದ ಕರ್ತನು ಅದಕ್ಕೆ ಸ್ವಲ್ಪ ಮುಂಚೆಯೇ ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು ಖಂಡಿಸಿದ್ದನ್ನು ಮಾರ್ಕನು ಒಂದೇ ಅಧ್ಯಾಯದಲ್ಲಿ ಇಟ್ಟಿದ್ದಾನೆ. ಯೆರೂಸಲೇಮಿನ ಬಡವರಿಗಾಗಿ ಎತ್ತಿದ ಹಣವನ್ನು ಪೌಲನು ಒಬ್ಬನೇ ಒಯ್ಯಲಿಲ್ಲ. ಯಾರೂ ತಪ್ಪು ಹೊರಿಸದಂತೆ ಸಭೆಗಳು ನೇಮಿಸಿದವರನ್ನು ಜೊತೆಯಲ್ಲಿ ಕರೆದುಕೊಂಡನು. ಅಪೊಸ್ತಲನಿಗೆ ಬೇಕಾಗಿದ್ದ ಎಚ್ಚರಿಕೆ ನಮ್ಮ ಸಭಾ ಸಮಿತಿಗಳಿಗೆ ಬೇಡವೆ? ಆದರೂ ಲೆಕ್ಕ ಸರಿಯಾಗಲಿ, ಆಮೇಲೆ ಕೊಡುತ್ತೇವೆ ಎನ್ನುವವರಿಗೆ ನಾವು ಹೇಳುವುದಿಷ್ಟೆ: ಕೊಟ್ಟವನೇ ಲೆಕ್ಕ ಕೇಳಲು ಗಟ್ಟಿಯಾಗಿ ನಿಲ್ಲಬಲ್ಲನು.

ಹೆಸರು ಕೆತ್ತಿದ ಕಲ್ಲುಗಳ ವಿಷಯವನ್ನೂ ಬಿಡಲಾರೆವು. ಹೊಸ ಗೋಪುರಕ್ಕೆ, ಹೊಸ ಸಭಾಂಗಣಕ್ಕೆ ಲಕ್ಷ ಕೊಡುವವರು ದೊರೆಯುತ್ತಾರೆ. ಉಪದೇಶಿಯ ಸಂಬಳಕ್ಕೆ ತಿಂಗಳಿಗೆ ನೂರು ಕೊಡುವವರನ್ನು ಹುಡುಕಬೇಕು. ಸಂಬಳಕ್ಕೆ ಕಲ್ಲು ಕೆತ್ತುವ ಪದ್ಧತಿ ಇಲ್ಲವಷ್ಟೆ! ಪೌಲನು ಕೊರಿಂಥದವರಿಗೆ ಹೇಳಿದ ಕ್ರಮವು ಇದಕ್ಕೆ ತೀರ ಬೇರೆ: ವಾರದ ಮೊದಲ ದಿನದಲ್ಲಿ ಪ್ರತಿಯೊಬ್ಬರೂ ತಮ್ಮ ಸಂಪಾದನೆಗೆ ತಕ್ಕಂತೆ ಮನೆಯಲ್ಲಿಯೇ ತೆಗೆದಿಡುವುದು.

ಪ್ರತಿಯೊಬ್ಬರೂ ಎಂದಮೇಲೆ ಒಂದು ಮಾತು. ಎಷ್ಟೋ ಸಭೆಗಳಲ್ಲಿ ವಂತಿಗೆಯ ಪುಸ್ತಕವು ಮನೆಯ ಯಜಮಾನನ ಹೆಸರಿನಲ್ಲಿಯೇ ಇರುತ್ತದೆ. ಆಸ್ಪತ್ರೆಯಲ್ಲಿ ರಾತ್ರಿ ದುಡಿದ ದಾದಿಯ ಹಣವೂ, ಶಾಲೆಯಲ್ಲಿ ಗಂಟಲು ಒಣಗಿಸಿಕೊಂಡ ಉಪಾಧ್ಯಾಯಿನಿಯ ಹಣವೂ ತಂದೆಯ ಅಥವಾ ಗಂಡನ ಹೆಸರಿನ ಕೆಳಗೆ ಜಮೆಯಾಗುತ್ತದೆ. ಇದನ್ನು ನಾವು ಒಪ್ಪಲಾರೆವು. ಸಂಪಾದಿಸುವ ಹೆಣ್ಣುಮಗಳು ತನ್ನ ಹೆಸರಿನ ಲಕೋಟೆಯಲ್ಲಿ ತನ್ನ ವಂತಿಗೆಯನ್ನು ಹಾಕಲಿ. ಇದು ಹೆಮ್ಮೆಗಾಗಿ ಅಲ್ಲ. ಅವಳು ಆ ಮನೆಯವಳೆಂಬುದು ಪುಸ್ತಕದಲ್ಲಿಯೂ ಕಾಣಬೇಕು. ಬೆಂಗಳೂರಿಗೋ ಕೊಲ್ಲಿಯ ದೇಶಗಳಿಗೋ ಹೋಗಿರುವವರು ತಾವು ಆರಾಧಿಸುವ ಸಭೆಗೆ ಕೊಟ್ಟು, ಬಳಿಕ ತಮ್ಮನ್ನು ದೀಕ್ಷಾಸ್ನಾನಕ್ಕೆ ಎತ್ತಿಕೊಂಡುಹೋದ ಹಳ್ಳಿಯ ಸಭೆಯನ್ನೂ ನೆನೆಯಲಿ. ಹಂಚು ಸೋರುವುದು ಅಲ್ಲಿಯೇ ಹೆಚ್ಚು. ಮತ್ತು ವರ್ಷಾಂತ್ಯದ ಸಭಾಕೂಟದಲ್ಲಿ ಲೆಕ್ಕ ಓದುವ ವೇಳೆಗೆ ಹೆಂಗಸರು ಅಡಿಗೆಯ ನೆವದಿಂದ ಎದ್ದುಹೋಗುವುದುಂಟಲ್ಲ, ಆ ದಿನದ ಊಟ ಒಂದು ಗಂಟೆ ತಡವಾದರೂ ಚಿಂತೆಯಿಲ್ಲ. ಕೊನೆಯ ಪುಟದ ತನಕ ಕುಳಿತು ಕೇಳಲಿ.