ಹೆಮ್ಮೆಗೆ ಸ್ಯಾದ್ವಾದ, ಲೆಕ್ಕಕ್ಕೆ ಮೌನ

ದಶಲಕ್ಷಣ ಪರ್ವದ ಉಪನ್ಯಾಸಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ: ಆಧುನಿಕ ಸಂಖ್ಯಾಶಾಸ್ತ್ರವು ಸ್ಯಾದ್ವಾದದಲ್ಲಿ ಮೊದಲೇ ಅಡಗಿತ್ತು, ಪ್ರೊ. ಪ್ರಶಾಂತಚಂದ್ರ ಮಹಲನೋಬಿಸರೇ ಅದನ್ನು ಒಪ್ಪಿದ್ದಾರೆ. ಇದು ಅರ್ಧಸತ್ಯ. ಒಂದಂಶವನ್ನೇ ಪೂರ್ಣಸತ್ಯವೆಂದು ಸಾಧಿಸುವುದನ್ನು ಜೈನ ತರ್ಕವು ದುರ್ನಯವೆಂದು ಕರೆಯುತ್ತದೆ.

1931ರಲ್ಲಿ ಕಲಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿ, 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಗೆ ಕಾರಣರಾದ ಮಹಲನೋಬಿಸರು, 1954ರ ಪ್ರಬಂಧವೊಂದರಲ್ಲಿ ಸಪ್ತಭಂಗಿಯನ್ನು ಸಂಭವನೀಯತೆಯ ತತ್ತ್ವದೊಡನೆ ಹೋಲಿಸಿದ್ದು ನಿಜ. ಆದರೆ ಇಂದಿನ ರೂಪದ ಸಂಭವನೀಯತೆಯ ಕಲ್ಪನೆ ಸ್ಯಾದ್ವಾದದಲ್ಲಿತ್ತೆಂದು ತಾವು ಹೇಳುತ್ತಿಲ್ಲವೆಂದೂ ಅವರು ಸ್ಪಷ್ಟಪಡಿಸಿದ್ದಾರೆ. ಹೊಗಳಿಕೆಯನ್ನು ಉಳಿಸಿಕೊಂಡು ಎಚ್ಚರಿಕೆಯನ್ನು ಕೈಬಿಡುವುದು ಪಾಂಡಿತ್ಯವಲ್ಲ.

ಆ ಮಹನೀಯರ ನಿಜವಾದ ಪಾಠ ಬೇರೆಯೇ ಇದೆ. ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯಂಥ ಊರಿನ ವ್ಯಾಪಾರಿ ಒಂದು ಹಿಡಿ ತೊಗರಿ ನೋಡಿ ಚೀಲದ ಗುಣವನ್ನು ಅಳೆಯುತ್ತಾನೆ. ಅದೇ ವಿವೇಕವನ್ನು ಮಹಲನೋಬಿಸರು ಗಣಿತದ ಶಿಸ್ತಿಗೊಳಪಡಿಸಿ ಸಮಾಜದ ಅಧ್ಯಯನಕ್ಕೆ ಅನ್ವಯಿಸಿದರು. ಒಂದು ಮನೆಯಲ್ಲಿ ಗಂಡು ಹುಟ್ಟುವುದೋ ಹೆಣ್ಣು ಹುಟ್ಟುವುದೋ ಆಕಸ್ಮಿಕ; ಲಕ್ಷಗಟ್ಟಲೆ ಜನನಗಳ ಮೊತ್ತ ಮಾತ್ರ ನಿಯಮಬದ್ಧ. ಆ ಮೊತ್ತ ದಾರಿ ತಪ್ಪಿದರೆ ಅಲ್ಲಿ ಮನುಷ್ಯನ ಕೈವಾಡವನ್ನು ಶಂಕಿಸಲೇಬೇಕು.

ಈ ಅಳತೆಗೋಲಿನ ಮುಂದೆ ಜೈನ ಸಮಾಜ ನಿಲ್ಲಬಲ್ಲುದೇ? ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಸುಮಾರು 950 ಹೆಣ್ಣುಮಕ್ಕಳಿರುವುದು ಸಹಜ. 2001ರ ಜನಗಣತಿಯಲ್ಲಿ ದೇಶದ ಜೈನರಲ್ಲಿ ಇದ್ದದ್ದು 870, 2011ರಲ್ಲಿ 889. ಆ ವರ್ಷ ಎಲ್ಲ ಮತಧರ್ಮಗಳೂ ಸೇರಿದ ದೇಶದ ಸರಾಸರಿಯೇ 918. ಸಾಕ್ಷರತೆಯಲ್ಲಿ ಅಗ್ರಸ್ಥಾನ ಪಡೆದ ಸಮಾಜದ ಸ್ಥಿತಿಯಿದು. ಭ್ರೂಣಲಿಂಗ ಪತ್ತೆಯನ್ನು 1994ರ ಕಾಯಿದೆ ನಿಷೇಧಿಸಿದೆ. ಅಹಿಂಸಾಣುವ್ರತವು ಅದಕ್ಕೂ ಬಹು ಹಿಂದೆಯೇ ನಿಷೇಧಿಸಿತ್ತು. ನೀರನ್ನು ಸೋಸಿ ಕುಡಿಯುವ ಮನೆಯಲ್ಲಿ, ಸೂರ್ಯಾಸ್ತದ ಬಳಿಕ ಉಣ್ಣದ ಮನೆಯಲ್ಲಿ ಹೆಣ್ಣುಶಿಶುವಿಗೆ ಎಡೆಯಿಲ್ಲವೆಂದರೆ ಆ ವ್ರತಗಳ ಫಲವೇನು?

ಇದು ಇಡೀ ದೇಶದ ಅಂಕಿ, ತಮ್ಮ ಊರಿನದಲ್ಲವೆಂದು ಕೆಲವರು ಜಾರಿಕೊಳ್ಳುತ್ತಾರೆ. ಆಕ್ಷೇಪ ನ್ಯಾಯವಾದುದೇ, ಊರಿಗೊಂದು ಸ್ಥಿತಿಯಿರಬಹುದು. ಹಾಗಾದರೆ ತಮ್ಮ ಊರಿನದನ್ನು ಅವರೇ ಎಣಿಸಲಿ. ಹತ್ತು ಮನೆಗಳ ಲೆಕ್ಕದಿಂದ ಏನೂ ಸಿದ್ಧವಾಗದು. ಜಿಲ್ಲೆಯ ಬಸದಿಗಳೆಲ್ಲ ಒಟ್ಟುಗೂಡಿ ಹಲವು ವರ್ಷಗಳ ಲೆಕ್ಕವಿಟ್ಟರೆ ಸತ್ಯ ತಾನಾಗಿ ಗೋಚರಿಸುವುದು. ಅಭಿಷೇಕದ ಸವಾಲಿನ ಹಣವನ್ನು ಪೈಸೆ ಬಿಡದೆ ಬರೆದಿಡುವ ಟ್ರಸ್ಟುಗಳಿಗೆ ಹುಟ್ಟಿದ ಮಕ್ಕಳನ್ನು ಎಣಿಸುವುದು ಭಾರವಾಗಬಾರದು.

'ಸ್ಯಾತ್' ಎಂಬುದು ನುಣುಚಿಕೊಳ್ಳುವವರ 'ಇರಬಹುದು' ಅಲ್ಲ. ಯಾವ ದೃಷ್ಟಿಯಿಂದ ನುಡಿದದ್ದೆಂಬುದಕ್ಕೆ ಹೊಣೆ ಹೊರುವ ಪದ. ಆ ಹೊಣೆಯನ್ನು ಹೊರದವರಿಗೆ ಸ್ಯಾದ್ವಾದದ ಹೆಮ್ಮೆ ಸಲ್ಲದು.