ನೋಟಕ್ಕೊಂದು ಕಾಸು

ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಇಳಿಯುವ ರಸ್ತೆ ದಟ್ಟ ಕಾಡಿನೊಳಗೆ ಸುತ್ತಿ ಬಳಸಿ ಕೊನೆಗೆ ಮಾಕುಟ್ಟದ ಚೆಕ್‌ಪೋಸ್ಟಿಗೆ ಬಂದು ಮುಟ್ಟುತ್ತದೆ. ಅದರಾಚೆ ಕೂಟುಪುಳ, ಇರಿಟ್ಟಿ, ಕಣ್ಣೂರು. ಕೊಡಗಿನ ಕೊನೆಯ ಊರುಗಳಲ್ಲಿ ಇದೂ ಒಂದು. ಇಲ್ಲಿ ಕಿವಿಗೆ ಕನ್ನಡ, ಕೊಡವ ತಕ್ಕ್, ಮಲಯಾಳ ಮೂರೂ ಬೀಳುತ್ತವೆ. ಮಳೆಗಾಲದಲ್ಲಿ ಮಳೆಯ ಸದ್ದಿನ ಮುಂದೆ ಮೂರೂ ಕೇಳಿಸುವುದಿಲ್ಲ, ಆ ಮಾತು ಬೇರೆ.

ಇಂಥ ಊರಿನಲ್ಲಿ ಇಪ್ಪತ್ತರ ಪ್ರಾಯದ ಹುಡುಗನೊಬ್ಬ ಇದ್ದಾನೆಂದು ಇಟ್ಟುಕೊಳ್ಳಿ. ಮನೆಗೆ ಎರಡೆಕರೆ ಕಾಫಿ ತೋಟ, ನೆರಳಿನ ಮರಗಳಿಗೆ ಹಬ್ಬಿಸಿದ ಕರಿಮೆಣಸಿನ ಬಳ್ಳಿ. ಓದು ಮುಗಿದಿದೆ, ಬೆಂಗಳೂರಿಗೆ ಹೋಗುವ ಮನಸ್ಸಿಲ್ಲ. ಬಳ್ಳಿಗೆ ಬರುವ ಸೊರಗು ರೋಗದ ಬಗ್ಗೆ ತಂದೆಯಿಂದ ಕೇಳಿದ್ದನ್ನೂ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ತಿಳಿದುಕೊಂಡದ್ದನ್ನೂ ಸೇರಿಸಿ ಅಂತರಜಾಲದಲ್ಲಿ ತನ್ನದೇ ಒಂದು ತಾಣ ತೆರೆಯುತ್ತಾನೆ. ಅಚ್ಚುಕಟ್ಟಾದ ಕನ್ನಡದಲ್ಲಿ ಬರೆಯುತ್ತಾನೆ. ಅದರಲ್ಲಿ ಜಾಹೀರಾತು ಹಾಕಿದರೆ ದುಡ್ಡು ಬರುತ್ತದೆಂದು ಗೆಳೆಯ ಹೇಳಿದ್ದಾನೆ. ತಂದೆಗೆ ವಿಷಯ ತಿಳಿಸಿದಾಗ ಅವರು ಕೇಳುವುದು ಎರಡೇ ಪ್ರಶ್ನೆ: "ಕೊಡುವವರು ಯಾರು? ಯಾಕೆ ಕೊಡ್ತಾರೆ?"

ಇದು ಅನುಮಾನದ ಪ್ರಶ್ನೆಯಂತೆ ಕಂಡರೂ ನಿಜಕ್ಕೂ ವಿಜ್ಞಾನದ ಪ್ರಶ್ನೆ. ಇಲ್ಲದ ಕಡೆಯಿಂದ ಶಕ್ತಿ ಹುಟ್ಟುವುದಿಲ್ಲ ಎಂದು ಹೈಸ್ಕೂಲಿನ ಪಾಠ ಹೇಳುತ್ತದೆ. ದುಡ್ಡೂ ಹಾಗೆಯೇ. ಎಲ್ಲಿಂದಲೋ ಹೊರಟು ಯಾವುದೋ ದಾರಿಯಲ್ಲಿ ಬರಬೇಕು.

ಹೊರಡುವುದು ಜಾಹೀರಾತುದಾರನ ಕಿಸೆಯಿಂದ. ಈ ವ್ಯವಹಾರಕ್ಕೆ ಮೂವತ್ತು ವರ್ಷ ದಾಟಿದೆ. 1994ರ ಅಕ್ಟೋಬರ್ 27ರಂದು ಅಮೆರಿಕದ ‘ಹಾಟ್‌ವೈರ್ಡ್’ ಎಂಬ ಜಾಲತಾಣದಲ್ಲಿ ಎಟಿ ಅಂಡ್ ಟಿ ದೂರವಾಣಿ ಕಂಪೆನಿಯ ಒಂದು ಪಟ್ಟಿ ಕಾಣಿಸಿಕೊಂಡಿತು. ಒತ್ತಿದರೆ ಬೇರೊಂದು ಪುಟಕ್ಕೆ ಕರೆದೊಯ್ಯುವ ಜಾಹೀರಾತುಗಳಿಗೆ ಅದೇ ಆದಿ ಎನ್ನುತ್ತಾರೆ. ನೋಡಿದ ನೂರರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ಅದನ್ನು ಒತ್ತಿದರಂತೆ. ಹೊಸದರ ಕುತೂಹಲ! ಈಗ ನೂರರಲ್ಲಿ ಒಬ್ಬ ಒತ್ತಿದರೂ ದೊಡ್ಡದೇ. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸಿಕ್ಕಿದ್ದು ಮರುವರ್ಷ, 1995ರ ಆಗಸ್ಟ್ 15ರಂದು.

ಆ ದಿನಗಳಲ್ಲಿ ತಾಣದವನೂ ಜಾಹೀರಾತುದಾರನೂ ಮುಖಾಮುಖಿ ಕೂತು ದರ ಮಾತಾಡಬೇಕಿತ್ತು. ದೊಡ್ಡವರಿಗೆ ಸರಿ, ಮಾಕುಟ್ಟದ ಹುಡುಗನ ಜತೆ ದರ ಮಾತಾಡಲು ಯಾರು ಬರುತ್ತಾರೆ? 2003ರ ಜೂನ್‌ನಲ್ಲಿ ಗೂಗಲ್ ಕಂಪೆನಿ ‘ಆಡ್‌ಸೆನ್ಸ್’ ಎಂಬ ಏರ್ಪಾಡನ್ನು ತೆರೆದಾಗ ಈ ತೊಡಕು ನಿವಾರಣೆಯಾಯಿತು. ತಾಣದವನು ತನ್ನ ಪುಟದಲ್ಲಿ ಒಂದಿಷ್ಟು ಜಾಗ ಬಿಟ್ಟು, ಕಂಪೆನಿ ಕೊಟ್ಟ ನಾಲ್ಕು ಸಾಲಿನ ಸೂಚನೆಯನ್ನು ಅಲ್ಲಿ ಅಂಟಿಸಿದರೆ ಮುಗಿಯಿತು. ಆ ಜಾಗಕ್ಕೆ ಯಾರ ಜಾಹೀರಾತು ಬರಬೇಕೆಂಬುದನ್ನು ಯಂತ್ರ ತೀರ್ಮಾನಿಸುತ್ತದೆ.

ಹೇಗೆ ತೀರ್ಮಾನಿಸುತ್ತದೆ? ಹರಾಜು ಹಾಕಿ. ಓದುಗನೊಬ್ಬ ಪುಟ ತೆರೆದೊಡನೆ ಸಂದೇಶವೊಂದು ದೂರದ ಕಂಪ್ಯೂಟರಿಗೆ ಓಡುತ್ತದೆ: ಪುಟದ ವಿಷಯ ಇಂಥದು, ಭಾಷೆ ಇಂಥದು, ನೋಡುವವನು ಸುಮಾರಾಗಿ ಇಂಥ ಊರಿನವನು, ಕೈಯಲ್ಲಿರುವುದು ಮೊಬೈಲು. ಅಂಥವನ ನೋಟಕ್ಕೆ ಎಷ್ಟು ಕೊಡುತ್ತೇವೆಂದು ಜಾಹೀರಾತುದಾರರು ಮೊದಲೇ ಬರೆದಿಟ್ಟಿರುತ್ತಾರೆ. ಹೆಚ್ಚು ಕೂಗಿದವನ ಜಾಹೀರಾತು ಪುಟದಲ್ಲಿ ಮೂಡುತ್ತದೆ. ಇಷ್ಟೆಲ್ಲ ಆಗುವುದು ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ. ಊರಿನ ಅಂದಾಜು ಕೆಲವೊಮ್ಮೆ ತಪ್ಪುವುದೂ ಉಂಟು. ಗಡಿಯ ಈಚೆ ಕೂತವನಿಗೆ ಕಣ್ಣೂರಿನ ಚಿನ್ನದಂಗಡಿ ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ.

ಅಂದರೆ ಇಲ್ಲಿ ಮಾರಾಟವಾಗುವುದು ಲೇಖನವಲ್ಲ, ಓದುವವನ ನೋಟ. ಲೇಖನ ಎಷ್ಟು ಚೆನ್ನಾಗಿದೆ ಎಂಬುದಕ್ಕೆ ಯಂತ್ರ ಬೆಲೆ ಕಟ್ಟುವುದಿಲ್ಲ. ಅದನ್ನು ಓದಲು ಬಂದವನು ಏನನ್ನು ಕೊಳ್ಳಬಲ್ಲ ಎಂಬುದಕ್ಕೆ ಕಟ್ಟುತ್ತದೆ.

ಕಾಫಿ ಪೂಲಿನ ಕಾಲ ಕಂಡ ಹಿರಿಯರಿಗೆ ಇದು ಬೇಗ ಅರ್ಥವಾದೀತು. 1942ರ ಕಾಯ್ದೆಯ ಪ್ರಕಾರ ಬೆಳೆಗಾರ ತನ್ನ ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸಬೇಕಿತ್ತು. ಹರಾಜು ಮಾಡುವುದು ಮಂಡಳಿ. ತನ್ನ ಮೂಟೆಯನ್ನು ಯಾರು ಕೊಂಡರು, ಎಷ್ಟಕ್ಕೆ ಕೊಂಡರು ಎಂದು ಬೆಳೆಗಾರನಿಗೆ ಗೊತ್ತಿಲ್ಲ. ಲೆಕ್ಕ ಕೂಡಿಸಿ ಕಳೆದು ಕಂತುಗಳಲ್ಲಿ ಹಣ ಬರುತ್ತಿತ್ತು. ತೊಂಬತ್ತರ ದಶಕದಲ್ಲಿ ಅದನ್ನು ಹಂತಹಂತವಾಗಿ ಸಡಿಲಿಸಿ 1996ರ ಹೊತ್ತಿಗೆ ಪೂರ್ತಿ ಕೈಬಿಡಲಾಯಿತು. ತಂದೆ ದಾಟಿ ಬಂದ ಪೂಲಿಗೆ ಮಗ ಇನ್ನೊಂದು ರೂಪದಲ್ಲಿ ಸೇರುತ್ತಿದ್ದಾನೆ. ಇಲ್ಲಿಯೂ ಹರಾಜು ಕಣ್ಣಿಗೆ ಕಾಣುವುದಿಲ್ಲ. ಜಾಹೀರಾತುದಾರ ಕೊಟ್ಟ ನೂರು ರೂಪಾಯಿಯಲ್ಲಿ ಸರಿಸುಮಾರು 68 ತಾಣದವನಿಗೆ ಬರುತ್ತದೆಂದು ಕಂಪೆನಿಯೇ ಪ್ರಕಟಿಸಿದೆ. ಮೊದಲು ಲೆಕ್ಕ ಹೆಚ್ಚಾಗಿ ಒತ್ತಿದ್ದಕ್ಕೆ ಇತ್ತು. 2024ರಿಂದ ಕಾಣಿಸಿದ್ದಕ್ಕೆ, ಅಂದರೆ ನೋಟಕ್ಕೆ. ಒಂದು ವ್ಯತ್ಯಾಸವುಂಟು: ಆಗ ಪೂಲಿಗೆ ಸೇರದೆ ಬೆಳೆಗಾರನಿಗೆ ವಿಧಿಯಿರಲಿಲ್ಲ, ಹುಡುಗನನ್ನು ಯಾರೂ ಬಲವಂತ ಮಾಡಿಲ್ಲ.

ಯಂತ್ರಕ್ಕೆ ಕನ್ನಡ ಬರುತ್ತದೆಯೆ?

ಮೇಲೆ ಹೇಳಿದ ಹರಾಜು ನಡೆಯಬೇಕಾದರೆ ಪುಟದಲ್ಲಿ ಏನಿದೆಯೆಂದು ಯಂತ್ರ ಓದಿ ತಿಳಿಯಬೇಕು. ಕನ್ನಡಿಗರು ಹಿಂದೆ ಬಿದ್ದದ್ದು ಇಲ್ಲಿ. ಬರೆಯುವವರಿಗೆ ಬರವಿರಲಿಲ್ಲ. ಡಾ. ಯು.ಬಿ. ಪವನಜರ ‘ವಿಶ್ವಕನ್ನಡ’ 1996ರಲ್ಲೇ ಕನ್ನಡದ ಮೊದಲ ಅಂತರಜಾಲ ಪತ್ರಿಕೆಯಾಗಿ ಬಂದಿತ್ತು. ತೊಡಕಿದ್ದದ್ದು ಅಕ್ಷರದಲ್ಲಿ.

ಕಂಪ್ಯೂಟರಿಗೆ ಅಕ್ಷರ ತಿಳಿಯುವುದಿಲ್ಲ, ಅಂಕಿ ಮಾತ್ರ ತಿಳಿಯುತ್ತದೆ. ಹಳೆಯ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಅಂಕಿಗಳನ್ನೇ ಎರವಲು ಪಡೆದು, ಅವುಗಳ ಮೇಲೆ ಕನ್ನಡದ ಚಿತ್ರ ಕೂರಿಸಿದ್ದವು. ‘ನುಡಿ’ಯ ಹಳೆಯ ಫಾಂಟಿನಲ್ಲಿ ‘ಕ’ ಎಂದು ಬರೆದರೆ ಒಳಗೆ ಉಳಿಯುತ್ತಿದ್ದುದು ಇಂಗ್ಲಿಷಿನ ‘ಪಿ’ ಮತ್ತು ನೆತ್ತಿಯ ಮೇಲೆ ಗೀಟಿರುವ ‘ಎ’. ‘ನ’ಕ್ಕೆ ಬ್ರಿಟನ್ನಿನ ಪೌಂಡು ಹಣದ ಗುರುತು! ಪರದೆಯ ಮೇಲೆ ಮುದ್ದಾದ ಕನ್ನಡ, ಯಂತ್ರದ ಪಾಲಿಗೆ ಅರ್ಥವಿಲ್ಲದ ಗೊಂದಲ. ಇಂಥ ಪುಟ ಕರಿಮೆಣಸಿನ ಬಗ್ಗೆಯೋ ಕಬಡ್ಡಿಯ ಬಗ್ಗೆಯೋ ಎಂದು ಅದಕ್ಕೆ ಹೇಗೆ ತಿಳಿಯಬೇಕು? ಹುಡುಕಿದರೂ ಸಿಗದು, ಜಾಹೀರಾತೂ ಹೊಂದದು.

ಮದ್ದು 1991ರಷ್ಟು ಹಿಂದೆಯೇ ಇತ್ತು. ಆ ವರ್ಷ ಬಂದ ಯೂನಿಕೋಡ್ ಎಂಬ ಜಾಗತಿಕ ಸಂಕೇತ ಪದ್ಧತಿಯ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳನ್ನು ಕಾದಿರಿಸಲಾಗಿತ್ತು. ‘ಕ’ದ ಮನೆ ಸಂಖ್ಯೆ 3221, ‘ನ’ದ್ದು 3240. ಜಗತ್ತಿನ ಯಾವ ಕಂಪ್ಯೂಟರಿಗೆ ಹೋದರೂ ವಿಳಾಸ ಅದೇ. ಆದರೆ ಪತ್ರಿಕಾಲಯ, ಮುದ್ರಣಾಲಯ, ಕಚೇರಿಗಳೆಲ್ಲ ಹಳೆಯ ಫಾಂಟುಗಳನ್ನೇ ಅಪ್ಪಿಕೊಂಡು ಎಷ್ಟೋ ವರ್ಷ ಕೂತವು. ನಾವೇ ಮಾಡಿಕೊಂಡ ತಡ ಇದು, ಬೇರೆಯವರನ್ನು ದೂರುವಂತಿಲ್ಲ.

ಅಕ್ಷರ ತಿಳಿದ ಮೇಲೆ ಭಾಷೆ ತಿಳಿಯಬೇಕು. ಆಡ್‌ಸೆನ್ಸ್ ಹಿಂದಿಯನ್ನು ಒಪ್ಪಿಕೊಂಡದ್ದು 2014ರ ಕೊನೆಯಲ್ಲಿ. ಬಂಗಾಳಿ 2017ರಲ್ಲಿ, ತಮಿಳು 2018ರಲ್ಲಿ. ಕನ್ನಡ ಅವುಗಳ ನಂತರ ಬಂದು ಈಗ ಪಟ್ಟಿಯಲ್ಲಿದೆ. ಅಲ್ಲಿಯವರೆಗೆ ಕನ್ನಡದ ತಾಣಗಳನ್ನು ನಡೆಸಿದವರು ಬಹುಮಟ್ಟಿಗೆ ಕೈಯಿಂದ ಖರ್ಚು ಮಾಡಿಯೇ ನಡೆಸಿದರು. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿಯೆಂದು ಬರೆಸಿದವರು 4.37 ಕೋಟಿ ಮಂದಿ. ಇಷ್ಟು ಜನರ ಭಾಷೆಗೂ ಕಾಯುವ ಸಾಲು ಇಷ್ಟು ಉದ್ದವಿತ್ತು.

ಕೊಡವ ತಕ್ಕ್ ಇನ್ನೂ ಪಟ್ಟಿಯಲ್ಲಿಲ್ಲ. ಅದನ್ನು ತಾಯ್ನುಡಿಯೆಂದು ಬರೆಸಿದವರು 1,13,857. ಕನ್ನಡ ಲಿಪಿಯಲ್ಲಿ ಬರೆದರೆ ಯಂತ್ರ ಅಕ್ಷರವನ್ನೇನೋ ಗುರುತಿಸೀತು, ಮಾತು ತಿಳಿಯದು. ಪುಟದ ಮುಖ್ಯ ಭಾಷೆ ಪಟ್ಟಿಯಲ್ಲಿರುವ ಭಾಷೆಯೇ ಆಗಿರಬೇಕೆಂಬುದು ನಿಯಮ. ಹುಡುಗ ಪುತ್ತರಿ ಹಬ್ಬದ ಬಗ್ಗೆ ಅಜ್ಜಿಯ ಮಾತಿನಲ್ಲೇ ಬರೆದರೆ ಆ ಪುಟಕ್ಕೆ ಕಾಸು ಹುಟ್ಟುವುದಿಲ್ಲ.

ಕನ್ನಡಕ್ಕೆ ಹುಟ್ಟಿದರೂ ಎಷ್ಟು? ಅದೇ ಹುಡುಗ ಅದೇ ಕೊಡಗಿನ ಹೋಂಸ್ಟೇಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದರೆ ಹೋಟೆಲಿನವರು, ವಿಮಾನದವರು, ಕಾರು ಬಾಡಿಗೆಯವರು ಹರಾಜಿಗೆ ಮುಗಿಬೀಳುತ್ತಾರೆ. ನೋಡುವವನು ಅಮೆರಿಕದಲ್ಲಿದ್ದರೆ ಕೂಗು ಇನ್ನೂ ಮೇಲೇರುತ್ತದೆ. ಕರಿಮೆಣಸಿನ ಸೊರಗು ರೋಗದ ಕನ್ನಡ ಪುಟಕ್ಕೆ ಕೂಗುವವರು ಬೆರಳೆಣಿಕೆ. ಬಳ್ಳಿ ಉಳಿಸಿಕೊಳ್ಳಲು ಒದ್ದಾಡುವ ಬೆಳೆಗಾರನಿಗೆ ಯಾವ ಪುಟ ಹೆಚ್ಚು ಬೇಕಿತ್ತೆಂದು ಹರಾಜು ಕೇಳುವುದಿಲ್ಲ.

ಲೆಕ್ಕ ಸುಲಭವಾಗಲೆಂದು ಸಾವಿರ ನೋಟಕ್ಕೆ ಒಂದು ಡಾಲರು ಎಂದು ಹಿಡಿಯಿರಿ. ನೂರು ಡಾಲರು ತುಂಬುವವರೆಗೆ ಕಂಪೆನಿ ಹಣ ಕಳಿಸುವುದಿಲ್ಲ. ನೂರು ಡಾಲರಿಗೆ ಬೇಕಾದ ನೋಟ ಒಂದು ಲಕ್ಷ. 2011ರಲ್ಲಿ ಇಡೀ ಕೊಡಗಿನ ಜನಸಂಖ್ಯೆ 5,54,519. ಜಿಲ್ಲೆಯ ಐದಾರು ಜನರಲ್ಲಿ ಒಬ್ಬರು ಒಮ್ಮೆ ಬಂದು ನೋಡಿದಂತಾಯಿತು. ದಿನಕ್ಕೆ ಇನ್ನೂರು ನೋಟ ಬಂದರೆ ಐನೂರು ದಿನ. ಅಂದರೆ ಒಂದು ಕಾಫಿ ಕೊಯ್ಲು ಮುಗಿದು ಇನ್ನೊಂದು ಕೊಯ್ಲೂ ಮುಗಿದಿರುತ್ತದೆ. ಈಗೀಗ ಹುಡುಕುವ ಯಂತ್ರವೇ ಉತ್ತರವನ್ನು ಮೇಲ್ಗಡೆ ಬರೆದು ತೋರಿಸುವುದರಿಂದ ತಾಣದವರೆಗೆ ಬರುವವರೂ ಕಡಿಮೆಯಾಗುತ್ತಿದ್ದಾರೆಂಬ ದೂರು ಎಲ್ಲೆಡೆ ಇದೆ.

ಒತ್ತಿ ಕೊಡುವ ನೆಂಟರು

ಐನೂರು ದಿನ ಕಾಯುವ ತಾಳ್ಮೆ ಎಲ್ಲರಿಗಿಲ್ಲ. ಗೆಳೆಯರಿಗೂ ಭಾವನಿಗೂ ಚಿಕ್ಕಮ್ಮನ ಮಕ್ಕಳಿಗೂ ಹೇಳಿ ಜಾಹೀರಾತು ಒತ್ತಿಸುವ ಉಪಾಯ ಹೊಳೆಯುತ್ತದೆ. ಒಂದೇ ಕಡೆಯಿಂದ, ಒಂದೇ ಹೊತ್ತಿನಲ್ಲಿ, ಅದೇ ಹತ್ತು ಮೊಬೈಲುಗಳಿಂದ ಬರುವ ಒತ್ತುಗಳನ್ನು ಯಂತ್ರ ಸುಲಭವಾಗಿ ಪತ್ತೆ ಹಚ್ಚುತ್ತದೆ. ಖಾತೆ ಮುಚ್ಚುತ್ತದೆ, ಕೂಡಿದ ಹಣವೂ ಹೋಗುತ್ತದೆ. ಜಾಹೀರಾತುದಾರನ ಕಿಸೆಯಿಂದ ಸುಮ್ಮನೆ ತೆಗೆದ ದುಡ್ಡಾದ್ದರಿಂದ ಇದು ಕಳ್ಳತನವೇ, ನೆಂಟರು ಪ್ರೀತಿಯಿಂದ ಮಾಡಿದರೂ. ಹುಡುಗ ಕೇಳದೆಯೇ ಅವರು ಮಾಡಿದ್ದರೆ? ಮೇಲ್ಮನವಿ ಸಲ್ಲಿಸಬಹುದು. ಆದರೆ ತೀರ್ಪು ಕೊಡುವವರು ಎದುರಿಗೆ ಬರುವುದಿಲ್ಲ. ಪೂಲಿನ ಕಾಲದಲ್ಲಿ ಮಡಿಕೇರಿಗೋ ಬೆಂಗಳೂರಿಗೋ ಹೋಗಿ ಜಗಳವಾದರೂ ಆಡಬಹುದಿತ್ತು.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದು. ‘ಜಾಹೀರಾತು ಒತ್ತಿ, ಮನೆಯಲ್ಲೇ ಕೂತು ಗಳಿಸಿ’ ಎಂದು ಕರೆಯುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. 2017ರ ಫೆಬ್ರವರಿಯಲ್ಲಿ ಉತ್ತರ ಪ್ರದೇಶದ ಪೊಲೀಸರು ನೋಯ್ಡಾದಲ್ಲಿ ‘ಸೋಷಿಯಲ್ ಟ್ರೇಡ್’ ಎಂಬ ವ್ಯವಹಾರ ನಡೆಸುತ್ತಿದ್ದವರನ್ನು ಬಂಧಿಸಿದರು. ಸದಸ್ಯತ್ವಕ್ಕೆಂದು 5,750 ರೂಪಾಯಿಯಿಂದ 57,500 ರೂಪಾಯಿವರೆಗೆ ಕಟ್ಟಬೇಕು, ಬಳಿಕ ಒಂದೊಂದು ಒತ್ತಿಗೆ 5 ರೂಪಾಯಿ. ಆರು ಲಕ್ಷಕ್ಕೂ ಹೆಚ್ಚು ಮಂದಿಯಿಂದ ಸುಮಾರು 3,700 ಕೋಟಿ ರೂಪಾಯಿ ಸಂಗ್ರಹಿಸಿದರೆಂಬುದು ಪೊಲೀಸರ ಆರೋಪ. ಹೊಸಬರು ಕಟ್ಟಿದ್ದನ್ನೇ ಹಳಬರಿಗೆ ಹಂಚಲಾಗುತ್ತಿತ್ತು ಎಂದು ಅವರು ಹೇಳಿದರು. ತಂದೆಯ ಎರಡು ಪ್ರಶ್ನೆಗಳನ್ನು ಇಲ್ಲಿ ಕೇಳಿ ನೋಡಿ. ಒಂದು ಒತ್ತಿಗೆ ಐದು ರೂಪಾಯಿ ಕೊಡುವವರು ಯಾರು, ಯಾಕೆ? ಏನನ್ನೂ ಕೊಳ್ಳುವ ಉದ್ದೇಶವಿಲ್ಲದೆ ಕೂಲಿಗಾಗಿ ಒತ್ತುವವನ ನೋಟ ಯಾವ ವ್ಯಾಪಾರಿಗೆ ಬೇಕು? ನಿಜವಾದ ಏರ್ಪಾಡಿನಲ್ಲಿ ತಾಣದವನು ಸೇರಲು ಬಿಡಿಗಾಸನ್ನೂ ಕಟ್ಟಬೇಕಿಲ್ಲ.

ಅವನಿಂದ ಕೇಳುವುದು ಬೇರೆ. ಹದಿನೆಂಟು ತುಂಬಿರಬೇಕು. ಹಣ ವಿದೇಶದಿಂದ ಬರುವುದರಿಂದ ಬ್ಯಾಂಕಿನ ಸ್ವಿಫ್ಟ್ ಸಂಕೇತ ಬೇಕು. ಚಿಕ್ಕ ಶಾಖೆಗಳಿಗೆ ಅದು ಇರುವುದಿಲ್ಲ, ದೊಡ್ಡ ಶಾಖೆಯದನ್ನು ವಿಚಾರಿಸಿ ಪಡೆಯಬೇಕು. ಬಂದದ್ದು ಆದಾಯ, ತೆರಿಗೆಯ ಲೆಕ್ಕಕ್ಕೆ ಸೇರುತ್ತದೆ. ಇವೆಲ್ಲ ಕೂತಲ್ಲೇ ಆಗುವ ಕೆಲಸ.

ಒಂದು ಮಾತ್ರ ಹಾಗಲ್ಲ. ಗಳಿಕೆ ಹತ್ತು ಡಾಲರು ಮುಟ್ಟಿದಾಗ ವಿಳಾಸ ನಿಜವೇ ಎಂದು ತಿಳಿಯಲು ಕಂಪೆನಿ ಒಂದು ಕಾಗದ ಕಳಿಸುತ್ತದೆ. ಮಿಂಚಂಚೆಯಲ್ಲ, ಅಂಚೆಯಣ್ಣ ತಂದುಕೊಡುವ ಮಾಮೂಲು ಕಾಗದ. ಅದರೊಳಗೆ ಆರು ಅಂಕಿಯ ಗುಟ್ಟಿನ ಸಂಖ್ಯೆ. ಇದಕ್ಕೂ ಪಿನ್ ಎಂದೇ ಹೆಸರು. 1972ರಿಂದ ನಮ್ಮ ಅಂಚೆ ಇಲಾಖೆ ವಿಳಾಸದ ಕೊನೆಗೆ ಬರೆಸುತ್ತಿರುವ ಪಿನ್‌ಗೂ ಆರೇ ಅಂಕಿ. ಎರಡನ್ನೂ ಬೆರೆಸಿಕೊಳ್ಳಬಾರದು. ಸೆಕೆಂಡಿನ ಚೂರಿನಲ್ಲಿ ಹರಾಜು ಮುಗಿಸುವ ಯಂತ್ರ ಕೊನೆಗೆ ಕಾಲ್ನಡಿಗೆಯ ಅಂಚೆಯನ್ನೇ ನಂಬಿದೆ! ಕಾಗದಕ್ಕೆ ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ನಾಲ್ಕು ತಿಂಗಳೊಳಗೆ ಸಂಖ್ಯೆ ತುಂಬದಿದ್ದರೆ ಪುಟದಲ್ಲಿ ಜಾಹೀರಾತು ನಿಲ್ಲುತ್ತದೆ. 2018ರ ಜೂನ್‌ನಲ್ಲಿ ಗುಡ್ಡ ಜರಿದು ಮಾಕುಟ್ಟದ ರಸ್ತೆಯೇ ಮುಚ್ಚಿಹೋಗಿತ್ತು. ಅಂಥ ಮಳೆಗಾಲದಲ್ಲಿ ಕಾಗದ ದಾರಿಯಲ್ಲೇ ಉಳಿದರೆ ಮೂರು ಸಲ ಮತ್ತೆ ಕೇಳಿ ಕಳಿಸಿಕೊಳ್ಳಬಹುದು. ಅದೂ ಕೈಸೇರದಿದ್ದರೆ ಸರಕಾರ ಕೊಟ್ಟ ಗುರುತಿನ ಚೀಟಿಯ ಪ್ರತಿಯನ್ನು ಕಳಿಸಬೇಕು. ಆ ಚೀಟಿಯಲ್ಲಿರುವ ಹೆಸರು, ವಿಳಾಸ ಖಾತೆಯಲ್ಲಿ ಬರೆದದ್ದಕ್ಕೆ ಅಕ್ಷರ ಅಕ್ಷರವೂ ಹೊಂದುವಂತೆ ಹುಡುಗ ಮೊದಲ ದಿನವೇ ನೋಡಿಕೊಂಡಿದ್ದರೆ ಒಳ್ಳೆಯದು.