‘ಇಡೀ ಲಾಟು ಮಾತ್ರ’ ಅನ್ನುವವರ ಜೊತೆ ಒಂದು ಜಗಳ

ವಿದೇಶಕ್ಕೆ ಹೊರಟವರ ಜಾಹೀರಾತನ್ನು ನೀವೂ ನೋಡಿರುತ್ತೀರಿ. ಮೊದಲು ಫ್ರಿಜ್ಜು, ಆಮೇಲೆ ವಾಷಿಂಗ್ ಮಷೀನು, ಎರಡು ವರ್ಷದ ಸೋಫಾ, ಮಗುವಿನ ಸೈಕಲ್ಲು. ಕಟ್ಟಕಡೆಗೆ ಒಂದು ಸಾಲು: "ಕನ್ನಡ ಪುಸ್ತಕಗಳು, ಸುಮಾರು 800. ಇಡೀ ಲಾಟು ಮಾತ್ರ. ಆರಿಸಿಕೊಳ್ಳಲು ಅವಕಾಶವಿಲ್ಲ. ಭಾನುವಾರದೊಳಗೆ ಒಯ್ಯಬೇಕು."

ಫ್ರಿಜ್ಜಿಗೆ ಕಂಪನಿ ಹೆಸರು, ಎಷ್ಟು ಲೀಟರು, ಯಾವ ವರ್ಷ ಕೊಂಡದ್ದು, ಎಲ್ಲ ಬರೆದಿರುತ್ತಾರೆ. ಸೋಫಾದ ಫೋಟೋ ನಾಲ್ಕೂ ದಿಕ್ಕಿನಿಂದ ಹಾಕಿರುತ್ತಾರೆ. ಪುಸ್ತಕದ ವಿಷಯಕ್ಕೆ ಬಂದರೆ ಮಾತ್ರ ಎಷ್ಟು ಅಂತ ಹೇಳುತ್ತಾರೆಯೇ ಹೊರತು ಯಾವುದು ಅಂತ ಹೇಳುವುದಿಲ್ಲ.

ನನ್ನ ಜಗಳ ಮಾರುವುದರ ಮೇಲೆ ಅಲ್ಲ ಸ್ವಾಮಿ. ಮಾರಿ, ತಪ್ಪೇನು? ವಿಮಾನದವನು ಕೊಡುವುದು ಸಾಮಾನ್ಯವಾಗಿ ತಲೆಗೆ ಎರಡು ಪೆಟ್ಟಿಗೆ, ಒಂದೊಂದಕ್ಕೆ 23 ಕಿಲೋ. ಅದರಲ್ಲಿ ಚಟ್ನಿಪುಡಿ, ಸಾರಿನ ಪುಡಿ, ಕುಕ್ಕರು, ಬೆಚ್ಚನೆ ಬಟ್ಟೆ ಹೋದ ಮೇಲೆ ಪುಸ್ತಕಕ್ಕೆ ಉಳಿಯುವ ಜಾಗ ಎಷ್ಟೆಂದು ಎಲ್ಲರಿಗೂ ಗೊತ್ತು. ನನ್ನ ಜಗಳವೆಲ್ಲ ‘ಇಡೀ ಲಾಟು ಮಾತ್ರ’ ಅನ್ನುವ ಆ ಮೂರು ಶಬ್ದಗಳ ಮೇಲೆ. ಆ ಶರತ್ತು ಹಾಕಿದ ಕ್ಷಣವೇ ನಿಮ್ಮ ಪುಸ್ತಕ ಓದುವವರ ಕೈ ತಪ್ಪಿತು ಅಂತ ಲೆಕ್ಕ.

ಹೇಗೆ ಅಂತೀರಾ? ಹೈದರಾಬಾದಿನಲ್ಲಿ ಎಂಟುನೂರು ಕನ್ನಡ ಪುಸ್ತಕ ಒಂದೇ ಸಲಕ್ಕೆ ಒಯ್ಯಬಲ್ಲವರು ಯಾರು, ಯೋಚಿಸಿ. ಕನ್ನಡ ಓದುವವರು ನಮ್ಮ ನಿಮ್ಮ ಹಾಗೆ ಎರಡು ಕೋಣೆಯ ಮನೆಯವರು. ಹತ್ತು ಪುಸ್ತಕ ಸಂತೋಷವಾಗಿ ಒಯ್ಯುತ್ತಾರೆ, ಮನೆಯವರ ಕಣ್ಣು ತಪ್ಪಿಸಿ ಇಪ್ಪತ್ತು. ಎಂಟುನೂರು ಇಡುವುದೆಲ್ಲಿ? ಆಟೋ ತಂದು, ಮೂಟೆ ಕಟ್ಟಿ, ಒಂದೇ ಗಂಟೆಯಲ್ಲಿ ಕೋಣೆ ಖಾಲಿ ಮಾಡಿಕೊಡುವವನು ಒಬ್ಬನೇ, ರದ್ದಿಯವನು. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನು ಕಾಗದದ ವ್ಯಾಪಾರಿ, ಕಾಗದದ ಬೆಲೆ ಕೊಡುತ್ತಾನೆ. ಪುಸ್ತಕವನ್ನು ಕಾಗದ ಮಾಡಿದ್ದು ಶರತ್ತು ಬರೆದವರು.

ಹಳೇ ಪುಸ್ತಕದ ಅಂಗಡಿಗೆ ಹೋಗುತ್ತೆ ಬಿಡಿ, ಅಲ್ಲಿಂದ ಯಾರಾದರೂ ಕೊಳ್ಳುತ್ತಾರೆ ಅನ್ನುವ ಸಮಾಧಾನ ಕೆಲವರದು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಾದರೆ ಆ ಮಾತಿಗೆ ಅರ್ಥವಿದೆ. ಇಲ್ಲಿ ಅಬಿಡ್ಸ್‌ನಲ್ಲಿ ಭಾನುವಾರ ಮುಚ್ಚಿದ ಅಂಗಡಿಗಳ ಮುಂದೆ ಫುಟ್‌ಪಾತಿನ ಮೇಲೆ ಹರಡುವ ಸಂತೆಯನ್ನು ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನೋಡುತ್ತಾ ಬಂದಿದ್ದೇನೆ. ಇಂಗ್ಲಿಷ್ ಕಾದಂಬರಿ ಉಂಟು, ಎಂಜಿನಿಯರಿಂಗ್ ಗೈಡು ಉಂಟು, ತೆಲುಗು, ಹಿಂದಿ, ಉರ್ದು ಉಂಟು. ಕೋಠಿಯ ಅಂಗಡಿಗಳಲ್ಲಿ ಪಠ್ಯಪುಸ್ತಕದ ರಾಶಿಯೇ ರಾಶಿ. ಕನ್ನಡ ಸಿಕ್ಕಿದರೆ ಅದು ತಪ್ಪಿ ಬಂದದ್ದು. ಒಮ್ಮೆ ಒಂದು ಕನ್ನಡ ಕಾದಂಬರಿ ಕೈಗೆತ್ತಿಕೊಂಡಾಗ ಮಾರುವವನೇ ಕೇಳಿದ: "ಸಾಬ್, ಯೇ ತೆಲುಗು ಹೈ ನಾ?" ಅವನಿಗೆ ಬಂದ ಗಿರಾಕಿಗಳೆಲ್ಲ ತೆಲುಗು ಅಂದುಕೊಂಡು ಎತ್ತಿ, ತಲೆಕಟ್ಟು ನೋಡಿ, ವಾಪಸ್ಸು ಇಟ್ಟು ಹೋಗುತ್ತಿದ್ದರಂತೆ. ಲಿಪಿ ಅಣ್ಣತಮ್ಮಂದಿರ ಹಾಗೆ ಇರುವುದರಿಂದ ಆಗುವ ಫಜೀತಿ ಇದು! ಎರಡು ಭಾನುವಾರ ಇಡುತ್ತಾನೆ, ಮೂರನೆಯ ಭಾನುವಾರ ಮೂಟೆಗೆ. ಅಲ್ಲಿಂದ ಕಾಗದದ ಕಾರ್ಖಾನೆಗೆ.

ಅಂದರೆ, ಕನ್ನಡ ಪುಸ್ತಕ ಹೈದರಾಬಾದಿನಲ್ಲಿ ಬೆಲೆ ಕಳೆದುಕೊಳ್ಳುವುದು ಹಳತಾದದ್ದರಿಂದ ಅಲ್ಲ. ಅದನ್ನು ಓದುವವನಿಗೆ ಅದು ಇಲ್ಲಿದೆ ಅಂತ ಗೊತ್ತಾಗದೆ ಇರುವುದರಿಂದ. ಆ ಗೊತ್ತು ಮಾಡುವ ಕೆಲಸ ನಿಮ್ಮದು, ರದ್ದಿಯವನದಲ್ಲ.

ಸರಿ, ದುಡ್ಡಿನ ಲೆಕ್ಕಕ್ಕೇ ಬರೋಣ. ನಮ್ಮ ಬೀದಿಯ ರದ್ದಿಯವನು ಹೇಳುವ ದರ ಕಿಲೋಗೆ ಹನ್ನೆರಡು ರೂಪಾಯಿ. ಒಂದು ಪುಸ್ತಕ ಸರಾಸರಿ 300 ಗ್ರಾಂ ಅಂತ ಹಿಡಿಯಿರಿ. ಎಂಟುನೂರಕ್ಕೆ 240 ಕಿಲೋ. ಕೈಗೆ ಬರುವುದು 2,880 ರೂಪಾಯಿ. ತಕ್ಕಡಿಯಲ್ಲಿ ಅವನ ಕೈಚಳಕ ಸೇರಿದರೆ ಇನ್ನೂ ಕಡಿಮೆ. ಒಂದು ಹೆಚ್ಚುವರಿ ಪೆಟ್ಟಿಗೆಗೆ ವಿಮಾನದವನು ಕೇಳುವುದು ಇದರ ಹಲವು ಪಟ್ಟು. ಈ ಮೂರು ಸಾವಿರ ಇಲ್ಲದೆ ಯಾರ ಪ್ರಯಾಣವೂ ನಿಲ್ಲುವುದಿಲ್ಲ. ಹಾಗಾದರೆ ಲಾಟು ಮಾರುವುದು ದುಡ್ಡಿಗಲ್ಲ, ತಲೆನೋವು ಕಳೆದುಕೊಳ್ಳುವುದಕ್ಕೆ. ಅದನ್ನು ನೇರವಾಗಿ ಒಪ್ಪಿಕೊಂಡರೆ ಅರ್ಧ ಜಗಳ ಮುಗಿಯಿತು. ತಲೆನೋವಿಗೆ ಬೇರೆ ಮದ್ದಿದೆ.

2021ರ ಏಪ್ರಿಲ್‌ನಲ್ಲಿ ಮೈಸೂರಿನಲ್ಲಿ ಸೈಯದ್ ಇಸಾಕ್ ಎಂಬ ಕೂಲಿ ಕೆಲಸದವರು ಕಟ್ಟಿದ್ದ ಗ್ರಂಥಾಲಯ ಬೆಂಕಿಗೆ ಹೋಯಿತು. ಸುಮಾರು 11 ಸಾವಿರ ಪುಸ್ತಕ ಸುಟ್ಟುಹೋದವು. ಎಷ್ಟು ಮರುಗಿದೆವು ನಾವು! ಜನ ದುಡ್ಡು ಕೊಟ್ಟರು, ಪುಸ್ತಕ ಕೊಡುತ್ತೇವೆಂದು ಮುಂದೆ ಬಂದರು. ಒಳ್ಳೆಯದೇ. ಆದರೆ ಅದೇ ನಾವು, ಪರವಾನಗಿ ಇಲ್ಲದ ಬೆಂಕಿಗೆ ಅಳುತ್ತೇವೆ, ರಸೀದಿ ಇರುವ ಬೆಂಕಿಗೆ ಚಹಾ ಕೊಟ್ಟು ಕೂರಿಸುತ್ತೇವೆ. ತಲಾ 800ರಂತೆ ಹದಿನಾಲ್ಕು ಸಂಸಾರ ‘ಲಾಟು’ ಮಾರಿದರೆ ಅಷ್ಟೇ ಪುಸ್ತಕ ಆಯಿತು. ಹೊಗೆ ಮಾತ್ರ ಕಾಣುವುದಿಲ್ಲ.

ಇನ್ನು ಈ ಊರಿನದೇ ಒಂದು ಮಾತು. 1956ರ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯ ಒಡೆದು ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ರಾಜಧಾನಿಗೆ ಓದಲಿಕ್ಕೆ, ನೌಕರಿಗೆ ಅಂತ ಬಂದು ನೆಲೆಸಿದ್ದ ಎಷ್ಟೋ ಕನ್ನಡ ಮನೆಗಳು ಇಲ್ಲೇ ಉಳಿದವು. ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ, ಉಸ್ಮಾನಿಯಾ ವಿಶ್ವವಿದ್ಯಾಲಯದ ಕನ್ನಡ ವಿಭಾಗ, ಇವನ್ನೆಲ್ಲ ಉಳಿಸಿ ಬೆಳೆಸಿದ್ದು ಅಂಥ ಜನ. ಆ ಮನೆಗಳ ಕಪಾಟಿನಲ್ಲಿ ಏನೇನಿರುತ್ತದೆ ಗೊತ್ತೇ? ಧಾರವಾಡದ ಮನೋಹರ ಗ್ರಂಥಮಾಲೆಗೆ ಚಂದಾ ಕಟ್ಟಿ ತರಿಸಿದ ಪುಸ್ತಕಗಳು, ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸ ಮಾಲೆಯ ತೆಳ್ಳನೆಯ ಪುಸ್ತಿಕೆಗಳು, ಶಾಲೆಯ ವಾರ್ಷಿಕ ಸಂಚಿಕೆ, ಸಂಘದ ಸ್ಮರಣ ಸಂಚಿಕೆ. ಭೈರಪ್ಪನವರ ಕಾದಂಬರಿ ನೀವು ರದ್ದಿಗೆ ಹಾಕಿದರೂ ನಾಳೆ ಬೆಂಗಳೂರಿನ ಅಂಗಡಿಯಲ್ಲಿ ಹೊಸ ಮುದ್ರಣ ಸಿಗುತ್ತದೆ. ಸಂಘದ ಸ್ಮರಣ ಸಂಚಿಕೆಗೆ ಎರಡನೇ ಮುದ್ರಣ ಇಲ್ಲ. ತಕ್ಕಡಿಯಲ್ಲಿ ಅದು ನೂರು ಗ್ರಾಂ, ಒಂದು ರೂಪಾಯಿ ಇಪ್ಪತ್ತು ಪೈಸೆ. ಅಪ್ಪ ತೀರಿಕೊಂಡ ಮೇಲೆ ಮಗ ಅಮೆರಿಕಾದಿಂದ ಎರಡು ವಾರ ರಜೆ ಹಾಕಿ ಬಂದು ಮನೆ ಖಾಲಿ ಮಾಡುವಾಗ ಮೊದಲು ಹೋಗುವುದೇ ಇದು. ಯಾಕೆಂದರೆ ಬೈಂಡು ಹರಿದಿರುತ್ತದೆ.

"ಎಲ್ಲ ಈಗ ಇಂಟರ್ನೆಟ್ಟಿನಲ್ಲಿ ಇದೆಯಲ್ಲ ಸಾರ್" ಅನ್ನುವವರಿಗೆ ಒಂದು ಉತ್ತರ. ಇದ್ದದ್ದು ಇದೆ, ಇಲ್ಲದ್ದು ಇಲ್ಲ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಕೆಲಸ ನಮ್ಮ ಹೈದರಾಬಾದಿನ ಐಐಐಟಿಯಲ್ಲೂ ದೊಡ್ಡದಾಗಿ ನಡೆದಿತ್ತು. ಅದರಲ್ಲಿ ಪುಟ ಬಿಟ್ಟುಹೋದ ಪುಸ್ತಕ ಎಷ್ಟು ಅಂತ ಬಳಸಿದವರಿಗೆ ಗೊತ್ತು. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುವುದರಿಂದ ಸಾವಿರಾರು ಪುಸ್ತಕ ಸುಮ್ಮಸುಮ್ಮನೆ ಅಲ್ಲಿಗೆ ಏರಿಸಲಿಕ್ಕೂ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸ್ಕ್ಯಾನ್ ಮಾಡಬೇಕಾದರೆ ಮೊದಲು ಪುಸ್ತಕ ಒಂದು ಇರಬೇಕಲ್ಲ! ಬೆಂಗಳೂರಿನ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಬಳಗ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವಿಗೆ ಸೇರಿಸುತ್ತಾ ಬಂದಿದೆ. ಅವರ ಯಂತ್ರದ ಕೆಳಗೆ ಇಡುವ ಪ್ರತಿ ಆಕಾಶದಿಂದ ಬೀಳುವುದಿಲ್ಲ, ಯಾರದೋ ಮನೆಯ ಕಪಾಟಿನಿಂದ ಬರಬೇಕು.

ಇನ್ನೊಂದು ವಾದವಿದೆ, ಅದು ಸ್ವಲ್ಪ ಗಟ್ಟಿಯದು. "ಸಂಗ್ರಹ ಅಂದರೆ ಒಟ್ಟಿಗಿರಬೇಕು, ಚೆಲ್ಲಾಪಿಲ್ಲಿ ಆಗಬಾರದು, ಅದಕ್ಕೇ ಇಡೀ ಲಾಟು ಅಂದೆ." ಈ ಮಾತಿಗೆ ನಾನು ತಲೆಬಾಗುತ್ತೇನೆ. ತಮಿಳುನಾಡಿನ ಕೊಟ್ಟೈಯೂರಿನ ರೋಜಾ ಮುತ್ತಯ್ಯ ಚೆಟ್ಟಿಯಾರ್ 1992ರಲ್ಲಿ ತೀರಿಕೊಂಡಾಗ ಅವರು ಕೂಡಿಟ್ಟಿದ್ದ ತಮಿಳು ಪುಸ್ತಕ, ಪತ್ರಿಕೆ, ಕರಪತ್ರಗಳನ್ನೆಲ್ಲ ಷಿಕಾಗೋ ವಿಶ್ವವಿದ್ಯಾಲಯ ಇಡಿಯಾಗಿ ಕೊಂಡು, ಹೊರದೇಶಕ್ಕೆ ಒಯ್ಯದೆ ಚೆನ್ನೈಯಲ್ಲೇ ಗ್ರಂಥಾಲಯ ಮಾಡಿಸಿತು. ನಮ್ಮ ಹೈದರಾಬಾದಿನಲ್ಲೇ ಅಬ್ದುಸ್ ಸಮದ್ ಖಾನ್ ಕೂಡಿಟ್ಟ ಉರ್ದು ಪುಸ್ತಕ, ಪತ್ರಿಕೆಗಳ ಭಂಡಾರ ಹಾಗೆಯೇ ಒಟ್ಟಾಗಿ ಬಾಗ್‌ಲಿಂಗಂಪಲ್ಲಿಯ ಸುಂದರಯ್ಯ ವಿಜ್ಞಾನ ಕೇಂದ್ರಕ್ಕೆ ಬಂತು. 2000ದ ಆಗಸ್ಟ್‌ನ ಮಹಾಮಳೆಯಲ್ಲಿ ನೀರು ನುಗ್ಗಿ ಅದಕ್ಕೆ ಹಾನಿಯೂ ಆಯಿತು. ಆದರೂ ಅದನ್ನು ಎತ್ತಿ, ಒಣಗಿಸಿ ಉಳಿಸಬೇಕು ಅನ್ನುವ ಜನ ಇದ್ದರು. ಯಾಕೆ ಇದ್ದರು? ಆ ರಾಶಿಯಲ್ಲಿ ಏನಿದೆ ಅಂತ ಅವರಿಗೆ ಗೊತ್ತಿತ್ತು.

ನಿಮ್ಮ ಲಾಟಿನಲ್ಲಿ ಏನಿದೆ ಅಂತ ನಿಮಗಾದರೂ ಗೊತ್ತೇ? ಇಡಿಯಾಗಿ ಕೊಡುವುದಿದ್ದರೆ ಕೊಳ್ಳುವವನು ಓದುವವನಾಗಿರಬೇಕು, ಜೊತೆಗೆ ಪಟ್ಟಿ ಇರಬೇಕು. ರದ್ದಿಯವನ ಆಟೋದಲ್ಲಿ ಇಡಿಯಾಗಿ ಹತ್ತಿಸಿದ್ದು ಗೋಡೌನಿನಲ್ಲಿ ಇಳಿಯುವ ಹೊತ್ತಿಗೆ ಇಡಿಯಾಗಿರುವುದಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟಿನಲ್ಲಿ ದಪ್ಪನೆಯ ಎರಡು ಅಬಿಡ್ಸಿಗೆ, ಉಳಿದ ಆರು ಕಾರ್ಖಾನೆಗೆ. ಇದನ್ನು ‘ಒಟ್ಟಿಗಿರಲಿ’ ಅನ್ನುತ್ತೀರಾ?

ಹಾಗಂತ ಎಲ್ಲವನ್ನೂ ತಂದು ಗ್ರಂಥಾಲಯದ ಜಗಲಿಯ ಮೇಲೆ ಸುರಿದು, ಫೋಟೋ ತೆಗೆಸಿಕೊಂಡು ವಿಮಾನ ಹತ್ತುವುದೂ ಸಲ್ಲ. ಅದು ದಾನವಲ್ಲ, ರದ್ದಿಯವನ ಕೆಲಸವನ್ನು ಗ್ರಂಥಪಾಲಕನ ತಲೆಗೆ ಕಟ್ಟುವುದು. ಗೆದ್ದಲು ಹಿಡಿದದ್ದು, ಹತ್ತು ವರ್ಷದ ಹಿಂದಿನ ಸಿಇಟಿ ಗೈಡು, ಅರ್ಧ ಹರಿದ ವಾರಪತ್ರಿಕೆ, ಇವು ರದ್ದಿಗೇ ಹೋಗಲಿ. ಪುಸ್ತಕವೆಲ್ಲ ಸರಸ್ವತಿ ಅಂತ ಕೈಮುಗಿದು ಕೂರುವ ಭಾವುಕತೆಯೂ ನನಗೆ ಬೇಡ. ಸರಸ್ವತಿ ಇರುವುದು ಆರಿಸುವ ಕಣ್ಣಿನಲ್ಲಿ.

"ಟೈಮೆಲ್ಲಿದೆ?" ಇದು ಕಡೆಯ ವಾದ. ವೀಸಾ ಅಂದರೆ ತಿಂಗಳುಗಟ್ಟಲೆ ಓಡಾಟ. ಅದರ ನಡುವೆ ಎರಡು ಭಾನುವಾರ ಸಾಕು. ಮೊದಲ ಭಾನುವಾರ ಕಪಾಟಿನ ಒಂದೊಂದು ಸಾಲಿನ ಫೋಟೋ ತೆಗೆಯಿರಿ, ಬೆನ್ನಿನ ಮೇಲಿನ ಹೆಸರು ಕಾಣುವ ಹಾಗೆ. ಬೆನ್ನು ಹರಿದವನ್ನೂ ತೆಳ್ಳನೆಯ ಪುಸ್ತಿಕೆಗಳನ್ನೂ ಹೊರಗೆ ತೆಗೆದು ಮುಖಪುಟ ಕಾಣುವ ಹಾಗೆ ಹರಡಿ ತೆಗೆಯಿರಿ. ಎಂಟುನೂರು ಪುಸ್ತಕಕ್ಕೆ ಮೂವತ್ತು ನಲವತ್ತು ಫೋಟೋ. ಅದೇ ಪಟ್ಟಿ. ಎರಡನೇ ಭಾನುವಾರ ಮನೆಗೆ ಜನರನ್ನು ಕರೆಯಿರಿ. ಒಂದಕ್ಕೆ ಮೂವತ್ತೋ ಐವತ್ತೋ ರೂಪಾಯಿ ಇಡಿ. ನೂರು ಪುಸ್ತಕ ಮೂವತ್ತರಂತೆ ಹೋದರೂ ಮೂರು ಸಾವಿರ, ಅಂದರೆ ಇಡೀ ಲಾಟಿಗೆ ರದ್ದಿಯವನು ಕೊಡುವುದಕ್ಕಿಂತ ಹೆಚ್ಚು, ಇನ್ನೂ ಏಳುನೂರು ಕೈಯಲ್ಲೇ ಇವೆ!

ಉಳಿದದ್ದಕ್ಕೆ ಅಬಿಡ್ಸಿನ ಕಡೆ ನೋಡಬೇಡಿ, ಬೀದರ್ ಕಡೆ ನೋಡಿ. ಮೂರು ಮೂರೂವರೆ ತಾಸಿನ ದಾರಿ. ಅಲ್ಲಿ, ಕಲಬುರಗಿ, ಯಾದಗಿರಿ, ರಾಯಚೂರಿನಲ್ಲಿ ಊರೂರಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ, ಈಗ ‘ಅರಿವು ಕೇಂದ್ರ’ ಅನ್ನುತ್ತಾರೆ. ‘ಪುಸ್ತಕ ಜೋಳಿಗೆ’ ಎಂಬ ಹೆಸರಿನಲ್ಲಿ ಅವಕ್ಕೆ ಜನರಿಂದ ಪುಸ್ತಕ ಕೂಡಿಸಿದ್ದೂ ಉಂಟು. ಮೊದಲು ಫೋನು ಮಾಡಿ, ಫೋಟೋ ಕಳಿಸಿ, ಬೇಕೆಂದದ್ದನ್ನು ಮಾತ್ರ ಕಟ್ಟಿ. ಅಂಚೆ ಇಲಾಖೆ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಅಂತ ಶುರು ಮಾಡಿತು. ಆಗ ಗೊತ್ತು ಮಾಡಿದ ದರ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋ ಕಟ್ಟಿಗೆ 100 ರೂಪಾಯಿ, ತೆರಿಗೆ ಬೇರೆ. ಐವತ್ತು ಕಿಲೋ ಒಳ್ಳೆಯ ಪುಸ್ತಕ ಹತ್ತು ಕಟ್ಟಿನಲ್ಲಿ ಸಾವಿರ ರೂಪಾಯಿ ಚಿಲ್ಲರೆಗೆ ಊರು ಸೇರುತ್ತದೆ. ಹೊರಡುವ ಮುನ್ನ ಊಟಕ್ಕೆ ಕರೆದು ಬೀಳ್ಕೊಡುತ್ತಾರಲ್ಲ, ಆ ಹೋಟೆಲಿನ ಒಂದು ತಟ್ಟೆ ಬಿರಿಯಾನಿಯ ಮೇಲೆ ಇನ್ನಷ್ಟು ಸೇರಿಸಿದರೆ ಆಯಿತು.

ಮನೆ ಸಾಮಾನು ಮಾರುವಾಗ ನಾವು ಯಾರೂ ಮಂಗಳಸೂತ್ರವನ್ನು ಪಾತ್ರೆಯ ಜೊತೆ ತೂಕಕ್ಕೆ ಹಾಕುವುದಿಲ್ಲ. ಬೇರೆ ತೆಗೆದಿಡುತ್ತೇವೆ. ಪುಸ್ತಕದಲ್ಲೂ ಬೇರೆ ತೆಗೆದಿಡಬೇಕಾದ್ದು ಇದೆ, ಅದನ್ನು ಗುರುತಿಸಬಲ್ಲವರು ಈ ಊರಿನಲ್ಲಿ ನಾವಷ್ಟೇ. ತೆಲುಗಿನವನಿಗೆ ಅದು ಸಾಧ್ಯವಿಲ್ಲ, ರದ್ದಿಯವನಿಗೆ ಸಾಧ್ಯವಿಲ್ಲ, ನಿಮ್ಮ ಮನೆಗೆ ಬರುವ ಹೊಸ ಬಾಡಿಗೆಯವನಿಗಂತೂ ಸಾಧ್ಯವೇ ಇಲ್ಲ.

ಆದ್ದರಿಂದ ಜಾಹೀರಾತು ಹಾಕಿ, ಖಂಡಿತ ಹಾಕಿ. ‘ಇಡೀ ಲಾಟು ಮಾತ್ರ’ ಅನ್ನುವ ಸಾಲನ್ನು ಮಾತ್ರ ಅಳಿಸಿ, ಆ ಜಾಗದಲ್ಲಿ ಪುಸ್ತಕಗಳ ಹೆಸರು ಬರೆಯಿರಿ. ಸೋಫಾಗೆ ಮಾಡಿದಷ್ಟು ಮರ್ಯಾದೆ ಸಾಕು, ಹೆಚ್ಚೇನೂ ಬೇಡ. ಏನಂತೀರಿ?